ಅಪ್ಪ ಆಸ್ಪತ್ರೆಯಲ್ಲಿದ್ದ ದಿನ ನೋಟರಿ ಮುಂದೆ ಹೆಬ್ಬೆಟ್ಟು ಒತ್ತಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಿಂಧನೂರು ತಾಲ್ಲೂಕು. ಎಡದಂಡೆ ಕಾಲುವೆ ಬದಿಗೆ ಅಪ್ಪನ ಹೆಸರಿನಲ್ಲಿ 3 ಎಕರೆ 12 ಗುಂಟೆ ಗದ್ದೆ ಇದೆ. ಕಳೆದ ಜೂನ್‌ನಲ್ಲಿ ಅಪ್ಪನಿಗೆ ಲಕ್ವ ಹೊಡೆದು 9ನೇ ತಾರೀಖಿನಿಂದ 21ರವರೆಗೆ ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ಆದರೆ 16ನೇ ತಾರೀಖು ಅಪ್ಪ ಸಿಂಧನೂರಿಗೆ ಬಂದು ಅಣ್ಣನಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹಾರ ಮಾಡಲು ಅಧಿಕಾರ ಕೊಡುವ ಪತ್ರ) ಬರೆದುಕೊಟ್ಟರು ಅಂತ ಒಂದು ಕಾಗದ ಈಗ ಹೊರಗೆ ಬಂದಿದೆ. ಅದಕ್ಕೆ ಇಲ್ಲಿನ ವಕೀಲರೊಬ್ಬರು ನೋಟರಿ ಮಾಡಿದ್ದಾರೆ. ‘ನನ್ನ ಎದುರಿಗೆ ಹೆಬ್ಬೆಟ್ಟು ಒತ್ತಿದರು’ ಅಂತ ಬರೆದಿದೆ. ಅದನ್ನಿಟ್ಟುಕೊಂಡು ಅಣ್ಣ ಬೇರೆಯವರಿಗೆ ಖರೀದಿ ಕರಾರು ಬರೆದುಕೊಟ್ಟು ಮುಂಗಡ ತೆಗೆದುಕೊಂಡಿದ್ದಾನೆ. ಅಪ್ಪ ಯಾವತ್ತೂ ಸಹಿ ಮಾಡುವವರು, ಹೆಬ್ಬೆಟ್ಟಿನವರಲ್ಲ. ಆದರೆ ಆಸ್ಪತ್ರೆಯಲ್ಲಿ ಒಂದು ಸಂಜೆ ಅವರ ಎಡಗೈ ಹೆಬ್ಬೆರಳಿಗೆ ನೀಲಿ ಮಸಿ ಹತ್ತಿದ್ದು ನಾನು ನೋಡಿದ್ದೆ. ಒದ್ದೆ ಬಟ್ಟೆಯಿಂದ ನಾನೇ ಒರೆಸಿದ್ದೆ. ಈಗ ಅಪ್ಪ ಮನೆಯಲ್ಲಿದ್ದಾರೆ, ನಿಧಾನಕ್ಕೆ ಮಾತಾಡುತ್ತಾರೆ, ಬಲಗೈ ಇನ್ನೂ ಏಳುವುದಿಲ್ಲ. ವಕೀಲರನ್ನು ಕೇಳಿದರೆ ‘ದಿನಕ್ಕೆ ಎಷ್ಟೋ ಕಾಗದ ಬರ್ತಾವಮ್ಮ, ಕಣ್ತಪ್ಪಿನಿಂದ ಆಗಿರಬೇಕು’ ಅಂದರು. ಇವರ ಮೇಲೆ ಕ್ರಮ ಆಗುತ್ತಾ, ಇಲ್ಲ ನಿರ್ಲಕ್ಷ್ಯ ಅಂತ ಬಿಟ್ಟುಬಿಡ್ತಾರಾ? ಊರಿನ ಹಿರಿಯರು ವಕೀಲರ ಮೇಲೆ ದೂರು ಬೇಡ, ಕೂತು ಬಗೆಹರಿಸೋಣ ಅನ್ನುತ್ತಿದ್ದಾರೆ.
— ರೈತನ ಮಗಳು, ಸಿಂಧನೂರು ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕ್ರಮ ಆಗುತ್ತದೆ. ಆದರೆ ದೂರಿನಲ್ಲಿ ನೀವು ಏನು ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಮಾತು ಆ ನೀಲಿ ಮಸಿ. ಅದನ್ನು ನೀವು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ನೋಟರಿಯ ಕೆಲಸ ಏನು ಅಂತ ತಿಳಿದುಕೊಳ್ಳಿ. ನಾನೂ ವಕೀಲ, ನಾನೂ ನೋಟರಿ. ರಾಯಚೂರಿನ ಕೋರ್ಟಿನ ಹತ್ತಿರ ಎಷ್ಟೋ ವರ್ಷದಿಂದ ಇದೇ ಮೊಹರು ಒತ್ತುತ್ತಾ ಬಂದಿದ್ದೇನೆ. ಕಾಗದದಲ್ಲಿ ಬರೆದ ವಿಷಯ ನಿಜವೋ ಸುಳ್ಳೋ ಅಂತ ನೋಟರಿ ಹೇಳುವುದಿಲ್ಲ. ಜಮೀನು ಯಾರದು, ಪಾಲು ಎಷ್ಟು, ಸಾಲ ಇದೆಯಾ, ಅದೂ ಅವರ ಕೆಲಸ ಅಲ್ಲ. ಅವರು ಹೇಳುವುದು ಒಂದೇ ಮಾತು: ಈ ಮನುಷ್ಯ ಈ ದಿನ ನನ್ನ ಎದುರಿಗೆ ಬಂದಿದ್ದ, ಇವನು ಯಾರು ಅಂತ ನನಗೆ ಖಾತ್ರಿಯಾಗಿದೆ, ನನ್ನ ಕಣ್ಣೆದುರೇ ಇದಕ್ಕೆ ಸಹಿ ಹಾಕಿದ. ಇಷ್ಟು ನೋಡುವುದಕ್ಕೇ ಸರ್ಕಾರ ಅವರಿಗೆ ಮೊಹರು ಕೊಟ್ಟಿದೆ. ಹತ್ತು ವರ್ಷ ವಕೀಲಿಕೆ ಮಾಡಿದವರಿಗೆ, ಮಹಿಳೆಯರು, ಪರಿಶಿಷ್ಟರು ಮತ್ತು ಹಿಂದುಳಿದವರಾದರೆ ಏಳು ವರ್ಷ ಮಾಡಿದವರಿಗೆ ಮಾತ್ರ ಅದು ಸಿಗುತ್ತದೆ.

ಒಂದು ಸಲ ನನ್ನ ಟೇಬಲ್ ಮುಂದೆ ದೇವದುರ್ಗದ ಕಡೆಯ ಮುದುಕಿಯೊಬ್ಬಳು ಬಂದು ನಿಂತಳು. ಜೊತೆಗೆ ಇಬ್ಬರು ಮೈದುನರ ಮಕ್ಕಳು. ಕಾಗದ ಸಿದ್ಧ ಇತ್ತು, ಸ್ಟಾಂಪ್ ಪ್ಯಾಡ್ ತೆರೆದಿತ್ತು, ಅವಳ ಹೆಬ್ಬೆರಳನ್ನು ಅವರೇ ಹಿಡಿದುಕೊಂಡಿದ್ದರು. ‘ಏನು ಬರೆಸೀಯವ್ವ?’ ಅಂತ ಕೇಳಿದೆ. ‘ಪಿಂಚಣಿ ಅರ್ಜಿಯಪ್ಪ’ ಅಂದಳು. ಕೈಯಲ್ಲಿದ್ದದ್ದು ಗಂಡನ ಹೊಲದ ಹಕ್ಕು ಬಿಟ್ಟುಕೊಡುವ ಪತ್ರ. ನಾನು ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ಮೊಹರು ಬೀಳುತ್ತಿತ್ತು. ಈಗಲೂ ಕೈಯಲ್ಲಿ ಸೀಲು ಹಿಡಿದಾಗೆಲ್ಲ ಆ ಮುದುಕಿ ನೆನಪಾಗುತ್ತಾಳೆ. ಅದಕ್ಕೇ ‘ದಿನಕ್ಕೆ ಎಷ್ಟೋ ಕಾಗದ ಬರುತ್ತವೆ’ ಅನ್ನುವ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಕಾಗದ ಜಾಸ್ತಿ ಬಂದರೆ ಕೆಲವನ್ನು ನಾಳೆ ಬನ್ನಿ ಅಂತ ವಾಪಸ್ ಕಳಿಸಬೇಕು. ನೋಡದೆ ಒತ್ತುವುದಲ್ಲ.

ಇನ್ನು ನಿರ್ಲಕ್ಷ್ಯದ ಪ್ರಶ್ನೆ. ವಕೀಲರು ತಪ್ಪು ಮಾಡಿದರೆಂದು ಪ್ರತಿ ಸಲವೂ ಶಿಕ್ಷೆ ಆಗುವುದಿಲ್ಲ, ಆಗಲೂಬಾರದು. ಸರ್ವೆ ನಂಬರ್ 41ರ ಬದಲು 14 ಅಂತ ಟೈಪ್ ಆಗಿದೆ, ಓದುವಾಗ ಕಣ್ಣಿಗೆ ಬೀಳಲಿಲ್ಲ. ಇದು ಕಣ್ತಪ್ಪು. ಬರೀ ನಿರ್ಲಕ್ಷ್ಯವೇ ದುರ್ನಡತೆ ಆಗಿಬಿಡುವುದಿಲ್ಲ, ಅದರಲ್ಲಿ ನೀತಿಗೆಟ್ಟ ನಡೆ ಸೇರಿದ್ದರೆ ಮಾತು ಬೇರೆ ಅಂತ ಸುಪ್ರೀಂ ಕೋರ್ಟು 1963ರಲ್ಲೇ ವಕೀಲರೊಬ್ಬರ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಊರಿನ ವಕೀಲರು ‘ಕಣ್ತಪ್ಪು’ ಅನ್ನುವ ಪದವನ್ನು ಹಿಡಿದುಕೊಂಡಿರುವುದು ಇದಕ್ಕೇ. ಆ ಪದದ ಬೆಲೆ ಅವರಿಗೆ ಗೊತ್ತಿದೆ.

ಆದರೆ ಆಸ್ಪತ್ರೆಯಲ್ಲಿ ಮಲಗಿದ್ದವರು 80 ಕಿಲೋಮೀಟರಿಗೂ ಜಾಸ್ತಿ ದೂರದ ಸಿಂಧನೂರಿನಲ್ಲಿ ‘ನನ್ನ ಎದುರಿಗೆ’ ಹೆಬ್ಬೆಟ್ಟು ಒತ್ತಿದರು ಅಂತ ಬರೆದು ಸೀಲು ಹಾಕುವುದು ಕಣ್ತಪ್ಪು ಹೇಗಾಗುತ್ತದೆ? ಇಲ್ಲಿ ಕಣ್ಣು ತಪ್ಪಲು ಎದುರಿಗೆ ಯಾರೂ ಇರಲೇ ಇಲ್ಲ. ಇದು ಸುಳ್ಳು ದೃಢೀಕರಣ. 1984ರಲ್ಲಿ ಎಂ. ವೀರಭದ್ರರಾವ್ ಮತ್ತು ತೇಕ್‌ಚಂದ್ ನಡುವಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮನೆ ಮಾರಾಟಕ್ಕೆ ಸಂಬಂಧಪಟ್ಟ ಒಂದು ಅಫಿಡವಿಟ್. ಸಹಿ ನಕಲಿ. ತಮ್ಮ ಎದುರಿಗೆ ಸಹಿ ಆಗದಿದ್ದರೂ ವಕೀಲರು ಅದನ್ನು ಅಟೆಸ್ಟ್ ಮಾಡಿದ್ದರು. ಅವರನ್ನು 5 ವರ್ಷ ವಕೀಲಿಕೆಯಿಂದ ಅಮಾನತು ಮಾಡಲಾಯಿತು. ನಿಮ್ಮ ದೂರಿನಲ್ಲಿ ಈ ತೀರ್ಪಿನ ಹೆಸರು ಇರಲೇಬೇಕು.

ಎದುರು ಪಕ್ಷದವರು ಇನ್ನೊಂದು ತೀರ್ಪು ತರುತ್ತಾರೆ, ಅದಕ್ಕೂ ತಯಾರಾಗಿರಿ. ಅಫಿಡವಿಟ್‌ಗೆ ಅಟೆಸ್ಟ್ ಮಾಡಿದ ಮಾತ್ರಕ್ಕೆ ಅದರೊಳಗಿನ ವಿಷಯಕ್ಕೆ ವಕೀಲರು ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಸರಿಯಾದ ಮಾತೇ. ಆದರೆ ನಿಮ್ಮ ತಕರಾರು ಜಿಪಿಎ ಒಳಗೆ ಏನು ಬರೆದಿದೆ ಅನ್ನುವುದರ ಬಗ್ಗೆ ಅಲ್ಲವಲ್ಲ. ಅಪ್ಪ ಅಲ್ಲಿ ಇದ್ದರಾ ಇಲ್ಲವಾ ಅನ್ನುವುದರ ಬಗ್ಗೆ. ದೂರಿನ ಮೊದಲ ಪುಟದಲ್ಲೇ ಈ ವ್ಯತ್ಯಾಸ ಬರೆದುಬಿಡಿ.

ಈಗ ಮಸಿಯ ವಿಷಯ. ಸಿಟ್ಟಿನಲ್ಲಿ ಎಲ್ಲರೂ ಮಾಡುವ ಕೆಲಸ ಒಂದಿದೆ: ‘ಹೆಬ್ಬೆಟ್ಟು ನಕಲಿ, ಫೋರ್ಜರಿ’ ಅಂತ ಬರೆದುಬಿಡುವುದು. ಬೇಡ. ನೀವೇ ಬರೆದಿದ್ದೀರಿ, ಅಪ್ಪನ ಹೆಬ್ಬೆರಳಿಗೆ ಮಸಿ ಇತ್ತು ಅಂತ. ಅಂದರೆ ಯಾರೋ ಹಾಸಿಗೆಯ ಬಳಿ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿರಬಹುದು. ಬೆರಳಚ್ಚು ತಜ್ಞರ ಹತ್ತಿರ ಹೋದಾಗ ಅದು ಅಪ್ಪನದೇ ಅಂತ ವರದಿ ಬಂದರೆ, ‘ನಕಲಿ’ ಅಂದ ನಿಮ್ಮ ದೂರು ಅಲ್ಲೇ ಬಿದ್ದುಹೋಗುತ್ತದೆ. ವಕೀಲರು ನಗುತ್ತಾ ಹೊರಗೆ ಬರುತ್ತಾರೆ. ಹೆಬ್ಬೆಟ್ಟು ಅಪ್ಪನದೇ ಇರಲಿ, ಬೇರೆಯವರದೇ ಇರಲಿ, ನೋಟರಿಯ ತಪ್ಪು ಹಾಗೇ ಉಳಿಯುತ್ತದೆ. ಆದ್ದರಿಂದ ಹೀಗೆ ಬರೆಯಿರಿ: ‘ಜೂನ್ 16ರಂದು ನನ್ನ ತಂದೆ ರಾಯಚೂರಿನಲ್ಲಿ ಒಳರೋಗಿಯಾಗಿದ್ದರು. ಅಂದು ಅವರು ಸಿಂಧನೂರಿನಲ್ಲಿ ಈ ನೋಟರಿಯವರ ಎದುರಿಗೆ ಹಾಜರಾಗಿಲ್ಲ. ಕಾಗದವನ್ನು ಯಾರೂ ಅವರಿಗೆ ಓದಿ ಹೇಳಿಲ್ಲ.’ ಇಷ್ಟೇ ಸಾಕು. ಹೆಬ್ಬೆಟ್ಟು ಯಾರದು ಅನ್ನುವುದನ್ನು ತನಿಖೆಗೆ ಬಿಡಿ. ಆದರೆ ಮಸಿ ಕಂಡ ಸಂಜೆ ಯಾವುದು, ಅಂದು ಯಾರು ಯಾರು ನೋಡಲು ಬಂದಿದ್ದರು, ಪಕ್ಕದ ಹಾಸಿಗೆಯಲ್ಲಿ ಯಾರಿದ್ದರು, ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ವಕೀಲರು ಆಮೇಲೆ ‘ನಾನೇ ಆಸ್ಪತ್ರೆಗೆ ಹೋಗಿದ್ದೆ’ ಅಂತ ಮಾತು ಬದಲಿಸಬಹುದು. ನೋಟರಿ ರೋಗಿಯ ಬಳಿಗೆ ಹೋಗಬಾರದು ಅಂತೇನಿಲ್ಲ. ನಾನೂ ಹೋಗಿದ್ದೇನೆ. ಆದರೆ ಆಗ ಕಾಗದದಲ್ಲಿ ಸ್ಥಳ ಆಸ್ಪತ್ರೆ ಅಂತ ಇರಬೇಕು, ಸಿಂಧನೂರು ಅಂತ ಅಲ್ಲ. ಪ್ರತಿ ನೋಟರಿಗೂ ಇಂತಿಷ್ಟೇ ಪ್ರದೇಶ ಅಂತ ಗೊತ್ತುಮಾಡಿರುತ್ತಾರೆ, ಅದರ ಹೆಸರು ಸೀಲಿನ ಮೇಲೇ ಕೆತ್ತಿರುತ್ತದೆ. ರಾಯಚೂರು ಆ ಪ್ರದೇಶದೊಳಗೆ ಬರುತ್ತದಾ ಅನ್ನುವುದೂ ಪ್ರಶ್ನೆಯೇ. ಹಾಗಾಗಿ ಈ ಹೊಸ ಮಾತು ಅವರನ್ನು ಇನ್ನಷ್ಟು ಸಿಕ್ಕಿಸುತ್ತದೆ.

ಇದರಲ್ಲಿ ನಿಮಗೆ ದೊಡ್ಡ ಸಾಕ್ಷಿ ನೋಟರಿಯ ರಿಜಿಸ್ಟರ್. ಉದ್ದನೆಯ ದಪ್ಪ ಪುಸ್ತಕ. 1956ರ ನೋಟರಿ ನಿಯಮಗಳ ಪ್ರಕಾರ ಪ್ರತಿ ಕಾಗದಕ್ಕೂ ಅದರಲ್ಲಿ ಕ್ರಮಸಂಖ್ಯೆ, ತಾರೀಖು, ಬಂದವರ ಹೆಸರು, ವಿಳಾಸ, ತೆಗೆದುಕೊಂಡ ಫೀಸು ಬರೆಯಬೇಕು, ಬಂದವರ ಸಹಿಯನ್ನೂ ಪಡೆಯಬೇಕು. ಸುಳ್ಳು ಕಾಗದ ಇಲ್ಲೇ ಎಡವುತ್ತದೆ. ಹಿಂದೊಮ್ಮೆ ಒಂದು ಕೇಸಿನಲ್ಲಿ ಇಂಥ ರಿಜಿಸ್ಟರ್ ಕೋರ್ಟಿಗೆ ಬಂದಿತ್ತು. 412 ಆದಮೇಲೆ 413 ಬರಬೇಕು. ನಡುವೆ ಎರಡು ಗೆರೆಗಳ ಸಂದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 412ಎ ಅಂತ ತುರುಕಿದ್ದರು. ಮೇಲಿನ ಸಾಲು, ಕೆಳಗಿನ ಸಾಲು ನೀಲಿ ಇಂಕು. ನಡುವಿನದು ಕಪ್ಪು. ಸಹಿಯ ಕಾಲಂ ಖಾಲಿ. ಅದನ್ನು ತೋರಿಸಿದಮೇಲೆ ಜಾಸ್ತಿ ವಾದ ಮಾಡುವ ಅಗತ್ಯವೇ ಬೀಳಲಿಲ್ಲ.

ನಿಮ್ಮ ಜಿಪಿಎ ಮೇಲೂ ಒಂದು ನಂಬರ್ ಇರುತ್ತದೆ. ಇಲ್ಲದಿದ್ದರೆ ಅದೇ ಒಂದು ತಪ್ಪು. ಆ ನಂಬರಿನ ನಮೂದಿನ ನಕಲು ಬೇಕು ಅಂತ ನೋಟರಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ತಲುಪಿದ ರಸೀದಿ ಇಟ್ಟುಕೊಳ್ಳಿ. ಅವರು ಕೊಡದಿದ್ದರೂ ಚಿಂತೆಯಿಲ್ಲ. ಕೇಳಿದ್ದು ದಾಖಲೆಯಾಯಿತು. ವಿಚಾರಣೆ ಸಮಯದಲ್ಲಿ ರಿಜಿಸ್ಟರನ್ನೇ ತರಿಸುವಂತೆ ಅರ್ಜಿ ಹಾಕಬಹುದು. ಅಷ್ಟರಲ್ಲಿ ಕಾನೂನು ಇಲಾಖೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಆ ದಿನ ಅವರ ನೋಟರಿ ಸರ್ಟಿಫಿಕೇಟು ಚಾಲ್ತಿಯಲ್ಲಿತ್ತಾ, ಯಾವ ಪ್ರದೇಶಕ್ಕೆ, ವರ್ಷದ ಲೆಕ್ಕ ಸಲ್ಲಿಸಿದ್ದಾರಾ ಅಂತ ಕೇಳಿ. ಸರ್ಟಿಫಿಕೇಟು 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಪ್ರತಿ ಜನವರಿ ಮೊದಲ ವಾರ ಹಿಂದಿನ ವರ್ಷದ ಕೆಲಸದ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು. ಅವಧಿ ಮುಗಿದ ಮೊಹರನ್ನೇ ಒತ್ತುತ್ತಾ ಕೂತವರೂ ಇದ್ದಾರೆ.

ಸ್ಟಾಂಪ್ ಪೇಪರನ್ನೂ ಬೆಳಕಿಗೆ ಹಿಡಿದು ನೋಡಿ. ಇ-ಸ್ಟಾಂಪ್ ಆಗಿದ್ದರೆ ಯಾರ ಹೆಸರಿನಲ್ಲಿ ಕೊಂಡದ್ದು, ಯಾವ ತಾರೀಖು, ಎಷ್ಟು ಗಂಟೆಗೆ ಅಂತ ಮೇಲೇ ಅಚ್ಚಾಗಿರುತ್ತದೆ. ನೋಟರಿ ತಾರೀಖು 16, ಸ್ಟಾಂಪು ಕೊಂಡದ್ದು 18 ಅಂತಿದ್ದರೆ ಮಿಕ್ಕಿದ್ದನ್ನು ಯಾರೂ ಹೇಳಬೇಕಿಲ್ಲ. ಕೊನೆಯ ಪುಟದಲ್ಲಿ ‘ಇವರನ್ನು ನಾನು ಬಲ್ಲೆ’ ಅಂತ ಗುರುತಿಸಿ ಸಹಿ ಹಾಕಿದ ಇನ್ನೊಬ್ಬ ವಕೀಲರೂ ಇರುತ್ತಾರೆ. ಎಷ್ಟೋ ಸಲ ಪಾಪ, ಹೊಸದಾಗಿ ಸೇರಿದ ಜೂನಿಯರ್. ಅವರ ಹೆಸರು, ಇಬ್ಬರು ಸಾಕ್ಷಿಗಳ ಹೆಸರು, ಬಾಂಡ್ ರೈಟರ್ ಹೆಸರು ಬರೆದುಕೊಳ್ಳಿ.

ದೂರು ಎಲ್ಲಿಗೆ? ಇಲ್ಲಿ ಬಾಗಿಲು ಎರಡಿವೆ, ಜನ ಒಂದರ ಬದಲು ಇನ್ನೊಂದನ್ನು ತಟ್ಟುತ್ತಾರೆ. ನೋಟರಿ ಮೊಹರಿನ ಕೆಳಗೆ ಮಾಡಿದ ತಪ್ಪಿಗೆ ಮೊದಲ ಬಾಗಿಲು ಅವರನ್ನು ನೇಮಿಸಿದ ಸರ್ಕಾರ. ಸೀಲಿನ ಮೇಲೆ ನೋಡಿ. ಕರ್ನಾಟಕ ಸರ್ಕಾರ ಅಂತಿದ್ದರೆ ಬೆಂಗಳೂರಿನ ಕಾನೂನು ಇಲಾಖೆಗೆ, ಭಾರತ ಸರ್ಕಾರ ಅಂತಿದ್ದರೆ ದೆಹಲಿಯ ಕಾನೂನು ವ್ಯವಹಾರಗಳ ಇಲಾಖೆಗೆ. ಬಿಳಿ ಹಾಳೆಯಲ್ಲಿ ಗೋಳು ಬರೆದು ಕಳಿಸಬೇಡಿ, ವಾಪಸ್ ಬರುತ್ತದೆ. ನೋಟರಿ ನಿಯಮಗಳ 13ನೇ ನಿಯಮದಡಿ ನಮೂನೆ 13ರಲ್ಲೇ ಬರೆಯಬೇಕು. ಏನು ತಪ್ಪು ಮಾಡಿದರು, ಅದಕ್ಕೆ ಸಾಕ್ಷಿ ಏನು, ಎರಡನ್ನೂ ಬರೆದು ಸತ್ಯ ಅಂತ ದೃಢೀಕರಿಸಬೇಕು. ದೂರಿನ ಪ್ರತಿ ನೋಟರಿಗೆ ಹೋಗುತ್ತದೆ. ಅವರು 14 ದಿನದಲ್ಲಿ ಉತ್ತರ ಕೊಡಬಹುದು. ವಿಚಾರಣೆ ನಡೆದು ತಪ್ಪು ಸಾಬೀತಾದರೆ ಸರ್ಕಾರ ಅವರ ಸರ್ಟಿಫಿಕೇಟು ರದ್ದು ಮಾಡಿ ಮತ್ತೆಂದೂ ನೋಟರಿ ಆಗದಂತೆ ತಡೆಯಬಹುದು, ಇಷ್ಟು ಕಾಲ ಅಂತ ಅಮಾನತು ಮಾಡಬಹುದು, ಎಚ್ಚರಿಕೆ ಕೊಟ್ಟು ಬಿಡಲೂಬಹುದು. ಇಲಾಖೆಯವರು ದೂರನ್ನು ಕಟ್ಟಿಟ್ಟು ಕೂತರೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ ‘ಬೇಗ ತೀರ್ಮಾನಿಸಿ’ ಅಂತ ಆದೇಶ ಕೇಳಬಹುದು. ನಮ್ಮ ರಾಯಚೂರು ಜಿಲ್ಲೆ ಆ ಪೀಠಕ್ಕೆ ಸೇರಿದ್ದು. ಪಕ್ಕದ ಕೊಪ್ಪಳ, ಬಳ್ಳಾರಿಯವರಾದರೆ ಧಾರವಾಡಕ್ಕೆ ಹೋಗಬೇಕು.

ಎರಡನೇ ಬಾಗಿಲು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ಮೂವರ ಶಿಸ್ತು ಸಮಿತಿ ವಿಚಾರಣೆ ಮಾಡುತ್ತದೆ. ಛೀಮಾರಿ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು, ಮೂರಕ್ಕೂ ಅಧಿಕಾರ ಇದೆ. ಅದಕ್ಕೆ ಸಿವಿಲ್ ಕೋರ್ಟಿನಂತೆ ಸಾಕ್ಷಿ ಕರೆಸುವ, ದಾಖಲೆ ತರಿಸುವ ಅಧಿಕಾರವೂ ಇದೆ. ಒಂದು ವರ್ಷದಲ್ಲಿ ಮುಗಿಯದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ‘ಇದು ನೋಟರಿ ಕೆಲಸ, ಪರಿಷತ್ತಿಗೆ ಸಂಬಂಧ ಇಲ್ಲ’ ಅಂತ ಅವರು ವಾದ ಮಾಡುವುದು ಖಂಡಿತ. ಹಾಗಾಗಿ ಇಲ್ಲಿ ಅವರು ವಕೀಲರಾಗಿ ಏನು ಮಾಡಿದರು ಅನ್ನುವುದನ್ನು ಬೇರೆ ಮಾಡಿ ಬರೆಯಿರಿ. ಜಿಪಿಎ ಅವರೇ ಬರೆದುಕೊಟ್ಟರಾ? ಖರೀದಿ ಕರಾರಿಗೂ ಅವರೇ ಸಲಹೆ ಕೊಟ್ಟರಾ? ಅಣ್ಣನ ಬೇರೆ ಕೇಸಿನಲ್ಲಿ ಅವರೇ ವಕೀಲರಾ? ಗುರುತಿಸಿದ ವಕೀಲರ ಮೇಲಿನ ದೂರಂತೂ ಇಲ್ಲಿಗೇ ಬರಬೇಕು. ಒಂದು ಮಾತು ನೆನಪಿರಲಿ: ಶಿಸ್ತು ಸಮಿತಿಯವರು ಗಟ್ಟಿ ಪುರಾವೆ ಕೇಳುತ್ತಾರೆ. ಒಬ್ಬರ ಅನ್ನದ ಪ್ರಶ್ನೆ ಅದು. ಅನುಮಾನದ ಮೇಲೆ ಶಿಕ್ಷೆ ಕೊಡುವುದಿಲ್ಲ.

ಗ್ರಾಹಕರ ವೇದಿಕೆಗೆ ಹೋಗಿ ಅಂತ ಯಾರಾದರೂ ಹೇಳಿದರೆ ಹೋಗಬೇಡಿ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಪೊಲೀಸ್ ದೂರು ಕೊಡಬಹುದು, ಕಾಗದ ಬಳಸಿಕೊಂಡವರ ಮೇಲೆ ಅದು ನಡೆಯುತ್ತದೆ. ನೋಟರಿಯ ಮೇಲೆ ಮಾತ್ರ ಒಂದು ತಡೆ ಇದೆ. ನೋಟರಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ನೋಟರಿಯಾಗಿ ಮಾಡಿದ ಕೆಲಸದಲ್ಲಿನ ಅಪರಾಧವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ಲಿಖಿತ ದೂರು ಕೊಡಬೇಕು. ಈ ಸೆಕ್ಷನ್ ಗೊತ್ತಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಠಾಣೆಗೆ ಅಲೆದು ಸುಸ್ತಾಗುತ್ತಾರೆ. ಇಲಾಖೆಗೆ ಕೊಡುವ ದೂರಿನಲ್ಲೇ ಈ ಸೆಕ್ಷನ್ ಅಡಿ ಕ್ರಮ ತೆಗೆದುಕೊಳ್ಳಿ ಅಂತ ಒಂದು ಸಾಲು ಸೇರಿಸಿ.

ತಂಗಿ, ಇಷ್ಟೆಲ್ಲ ಹೇಳಿದ್ದು ವಕೀಲರ ಬಗ್ಗೆ. ವಕೀಲರು ಅಮಾನತಾದರೂ ಗದ್ದೆ ತಾನಾಗಿ ಉಳಿಯುವುದಿಲ್ಲ. ಈ ವಾರವೇ ಮಾಡಬೇಕಾದ ಕೆಲಸ ಬೇರೆ ಇದೆ. ಅಪ್ಪ ಮಾತಾಡುತ್ತಾರೆ ಅಂದಿರಿ, ದೊಡ್ಡ ಸಮಾಧಾನ. ಅವರು ಆ ಜಿಪಿಎಯನ್ನು ರದ್ದು ಮಾಡಿದ ಪತ್ರವನ್ನು ನೋಂದಣಿ ಮಾಡಿಸಲಿ. ಏಳಲಾಗದವರ ಮನೆಗೆ ಸಬ್ ರಿಜಿಸ್ಟ್ರಾರ್ ಅವರೇ ಬಂದು ನೋಂದಣಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಇದೆ. ಅದಕ್ಕೆ ಅರ್ಜಿ, ಡಾಕ್ಟರ್ ಸರ್ಟಿಫಿಕೇಟು ಮತ್ತು ಶುಲ್ಕ ಬೇಕು. ರದ್ದು ಪತ್ರದಲ್ಲಿ ‘ನಾನು ಇಂಥ ಜಿಪಿಎ ಬರೆದುಕೊಟ್ಟೇ ಇಲ್ಲ, ಇದ್ದರೂ ಅದು ರದ್ದು’ ಅಂತ ಬರೆಸಿ. ಸುಮ್ನೆ ‘ರದ್ದು’ ಅಂದರೆ ಮೊದಲು ಕೊಟ್ಟಿದ್ದನ್ನು ಒಪ್ಪಿಕೊಂಡಂತೆ ಆಗುತ್ತದೆ. ಅದರ ನಕಲನ್ನು ಅಣ್ಣನಿಗೆ, ಮುಂಗಡ ಕೊಟ್ಟವರಿಗೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿ. ಪೇಪರಿನಲ್ಲೂ ಒಂದು ಪ್ರಕಟಣೆ ಕೊಡಿ.

ಜಮೀನಿನ ಮಾರಾಟ ನೋಂದಣಿ ಇಲ್ಲದೆ ಆಗುವುದಿಲ್ಲ. ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಹಾಗಾಗಿ ಇವತ್ತಿಗೂ ಗದ್ದೆ ಅಪ್ಪನದೇ. ಊರಲ್ಲಿದ್ದು ಜಿಪಿಎ ಕೊಡುವವರು ನೋಂದಣಿ ಕೆಲಸಕ್ಕೆ ಅದನ್ನು ಸಬ್ ರಿಜಿಸ್ಟ್ರಾರ್ ಎದುರಿಗೇ ದೃಢೀಕರಿಸಬೇಕು ಅಂತ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಹೇಳುತ್ತದೆ. ಆದರೆ ಜಿಪಿಎ ಪಡೆದವನೇ ಖರೀದಿ ಪತ್ರಕ್ಕೆ ಸಹಿ ಹಾಕಿದರೆ ಆ ಸೆಕ್ಷನ್ ಬೇಕಿಲ್ಲ ಅನ್ನುವ ತೀರ್ಪೂ ಇದೆ. ಹಾಗಾಗಿ 33ನೇ ಸೆಕ್ಷನ್ ಒಂದನ್ನೇ ನಂಬಿ ಕೈಕಟ್ಟಿ ಕೂರಬೇಡಿ. ಸಿಂಧನೂರು ಕೋರ್ಟಿನಲ್ಲಿ ಜಿಪಿಎ ರದ್ದತಿಗೆ ಅಪ್ಪನ ಹೆಸರಿನಲ್ಲಿ ದಾವೆ ಹಾಕಿ, ಗದ್ದೆಯನ್ನು ಯಾರಿಗೂ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ದಾವೆಗೆ ವಿಷಯ ಗೊತ್ತಾದ ದಿನದಿಂದ 3 ವರ್ಷ ಕಾಲಾವಕಾಶ ಇದೆ, ಆದರೆ ನಿಮಗೆ 3 ತಿಂಗಳೂ ಜಾಸ್ತಿಯೇ. ಕೈಯಲ್ಲಿ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಸಮಿತಿ ಕಚೇರಿ ಇರುತ್ತದೆ, ಅಪ್ಪನ ದಾವೆಗೂ ಅಲ್ಲೇ ವಿಚಾರಿಸಿ.

ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ನೆಚ್ಚಿಕೊಳ್ಳಬೇಡಿ. 16ನೇ ತಾರೀಖಿನ ನರ್ಸ್ ಚಾರ್ಟ್, ಅಂದು ಕೊಟ್ಟ ಔಷಧಿಯ ಹಾಳೆ, ಡಾಕ್ಟರ್ ರೌಂಡ್ಸ್ ಬರಹ, ಇವುಗಳ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಬೆಳಿಗ್ಗೆ 8ಕ್ಕೆ ಬಿಪಿ ನೋಡಿದ್ದಾರೆ, ಮಧ್ಯಾಹ್ನ 2ಕ್ಕೆ ಇಂಜೆಕ್ಷನ್ ಕೊಟ್ಟಿದ್ದಾರೆ ಅಂತ ಬರೆದ ಆ ಒಂದು ಹಾಳೆಯ ಮುಂದೆ ನೋಟರಿ ಸೀಲು ನಿಲ್ಲುವುದಿಲ್ಲ. ಅಪ್ಪನ ಹಳೆಯ ಸಹಿಗಳು ಸೊಸೈಟಿ ಸಾಲದ ಕಾಗದದಲ್ಲಿ, ಬ್ಯಾಂಕಿನಲ್ಲಿ ಸಿಗುತ್ತವೆ, ಅವನ್ನೂ ಕೂಡಿಸಿ. ಯಾವ ಮೂಲ ಕಾಗದವನ್ನೂ ಲ್ಯಾಮಿನೇಷನ್ ಮಾಡಿಸಬೇಡಿ, ಯಾರ ಕೈಗೂ ಕೊಡಬೇಡಿ. ವಕೀಲರಿಗೂ ಜೆರಾಕ್ಸ್ ಕೊಟ್ಟರೆ ಸದ್ಯಕ್ಕೆ ಸಾಕು.

ಉಳಿದದ್ದು ಹಿರಿಯರ ಮಾತು. ಅಣ್ಣನ ಜೊತೆ ಕೂತು ಮಾತಾಡುವುದು ತಪ್ಪಲ್ಲ. ಅವನು ಜಿಪಿಎಯನ್ನು ತಾನೇ ವಾಪಸ್ ಕೊಟ್ಟು, ಮುಂಗಡ ತಿರುಗಿಸಿ, ಬರವಣಿಗೆಯಲ್ಲಿ ಒಪ್ಪಿಕೊಂಡರೆ ಮನೆ ಉಳಿಯುತ್ತದೆ, ನನಗೂ ಸಂತೋಷ. ಆ ರಾಜಿಯನ್ನು ಕೋರ್ಟಿನಲ್ಲೇ ದಾಖಲಿಸಿ. ಆದರೆ ವಕೀಲರ ಮೇಲಿನ ದೂರನ್ನು ಆ ರಾಜಿಯಲ್ಲಿ ಸೇರಿಸಲು ಒಪ್ಪಬೇಡಿ. ಪರಿಷತ್ತಿನ ನಿಯಮವೇ ಹಾಗಿದೆ: ದೂರು ಕೊಟ್ಟವರು ವಾಪಸ್ ತೆಗೆದುಕೊಂಡರು, ರಾಜಿಯಾದರು ಅನ್ನುವ ಒಂದೇ ಕಾರಣಕ್ಕೆ ಶಿಸ್ತು ವಿಚಾರಣೆ ಕೈಬಿಡುವಂತಿಲ್ಲ. ಹಿರಿಯರಿಗೆ ಇದನ್ನೇ ಹೇಳಿ. ‘ಅಣ್ಣನದು ನಮ್ಮ ಮನೆ ವಿಷಯ, ನೀವು ಹೇಳಿದಂತೆ ಕೂರುತ್ತೇನೆ. ವಕೀಲರದು ನನ್ನ ಕೈಯಲ್ಲಿಲ್ಲ’ ಅನ್ನಿ. ಇದರಲ್ಲಿ ಸುಳ್ಳೇನೂ ಇಲ್ಲ. ಜಿಪಿಎಯ ಎಲ್ಲ ಪುಟಗಳ ಜೆರಾಕ್ಸ್, ಹಿಂಬದಿಯ ಸೀಲುಗಳೂ ಕಾಣುವಂತೆ, ನನಗೆ ಕಳಿಸಿ. ನಮೂನೆ 13 ತುಂಬಿ ಕಳಿಸುವ ಮುಂಚೆ ಒಂದು ಸಲ ಓದಿ ಕೊಡುತ್ತೇನೆ.